ಆಂಗ್ಲ ಭಾಷೆಯಲ್ಲಿ ದೂರದ ಬಂಧುಗಳ ಗಣನೆ

ಪ್ರೌಢಶಾಲೆಯ ಅನುವಾದ ಪಾಠದಲ್ಲಿ 'ಕಸಿನ್' ಎಂಬ ಪದ ಎದುರಾದೊಡನೆ ವಿದ್ಯಾರ್ಥಿಯ ಲೇಖನಿ ತಡೆದು ನಿಲ್ಲುತ್ತದೆ. ದೊಡ್ಡಪ್ಪನ ಮಗನೋ, ಸೋದರಮಾವನ ಮಗಳೋ, ಚಿಕ್ಕಮ್ಮನ ಮಗನೋ ಎಂಬುದನ್ನು ಆ ಪದವು ಹೇಳದು. ಗಂಡೋ ಹೆಣ್ಣೋ ಎಂಬುದನ್ನೂ ಹೇಳದು. ಇಷ್ಟರಿಂದಲೇ ಆಂಗ್ಲರ ಬಂಧುವಾಚಕಗಳು ದರಿದ್ರವೆಂದು ತೀರ್ಮಾನಿಸುವವರು ವಿದ್ವಾಂಸರಲ್ಲಿಯೂ ಉಂಟು. ಆ ತೀರ್ಮಾನ ಆತುರದ್ದು. ಕನ್ನಡವು ವಾವೆ-ವರಸೆಯನ್ನು ನೋಡುತ್ತದೆ. ಆಂಗ್ಲ ಭಾಷೆಯು ದೂರವನ್ನು ಅಳೆಯುತ್ತದೆ.

ಅಳೆಯುವ ಕ್ರಮ ಹೀಗಿದೆ. ಇಬ್ಬರಿಗೂ ಸಮಾನನಾದ ಮೂಲಪುರುಷನನ್ನು ಮೊದಲು ಹುಡುಕಬೇಕು. ಅವನು ಇಬ್ಬರಿಗೂ ಅಜ್ಜನಾದರೆ ಅವರು 'ಫಸ್ಟ್ ಕಸಿನ್', ಮುತ್ತಜ್ಜನಾದರೆ 'ಸೆಕೆಂಡ್ ಕಸಿನ್', ಮುತ್ತಜ್ಜನ ತಂದೆಯಾದರೆ 'ಥರ್ಡ್ ಕಸಿನ್'. ಇಬ್ಬರೂ ಒಂದೇ ತಲೆಮಾರಿನವರಲ್ಲದಿದ್ದರೆ, ಮೂಲಪುರುಷನಿಗೆ ಹತ್ತಿರವಿರುವವನಿಂದ ಎಣಿಕೆ ಹಿಡಿದು, ಉಳಿದ ಅಂತರವನ್ನು 'ರಿಮೂವ್ಡ್' ಎಂಬ ಮಾತಿನಿಂದ ಸೂಚಿಸುತ್ತಾರೆ. ತಂದೆಯ ಫಸ್ಟ್ ಕಸಿನ್ ಆದವನು ಮಗನಿಗೆ 'ಫಸ್ಟ್ ಕಸಿನ್ ವನ್ಸ್ ರಿಮೂವ್ಡ್'. ಎರಡು ತಲೆಮಾರಿನ ಅಂತರವಿದ್ದರೆ 'ಟ್ವೈಸ್ ರಿಮೂವ್ಡ್'. ವಿಚಿತ್ರವೆಂದರೆ, ಅದೇ ಮಾತು ತಿರುಗಿ ಆ ಮಗನಿಗೂ ಸಲ್ಲುತ್ತದೆ. ಚಿಕ್ಕಪ್ಪನಿಗೂ ಮಗನಿಗೂ ಒಂದೇ ಹೆಸರಿಟ್ಟಂತೆ ಇದು ಕನ್ನಡದ ಕಿವಿಗೆ ಕೇಳಿಸುತ್ತದೆ. ಆಂಗ್ಲರಲ್ಲಿಯೂ ಅನೇಕರು ಇಲ್ಲಿ ಎಡವಿ, ಫಸ್ಟ್ ಕಸಿನ್ನನ ಮಗನನ್ನು ಸೆಕೆಂಡ್ ಕಸಿನ್ ಎಂದುಬಿಡುತ್ತಾರೆ. ಅಜ್ಜನ ತಮ್ಮನಾದ 'ಗ್ರೇಟ್ ಅಂಕಲ್' ಮೊದಲಾದವುಗಳಲ್ಲಿ ಇಂತಹ ತೊಡಕಿಲ್ಲ.

ಆಂಗ್ಲ ಭಾಷೆ ಆದಿಯಿಂದಲೂ ಹೀಗಿರಲಿಲ್ಲ. ಅದರ ಪ್ರಾಚೀನ ರೂಪದಲ್ಲಿ ತಂದೆಯ ಸೋದರನಿಗೂ ತಾಯಿಯ ಸೋದರನಿಗೂ ಬೇರೆ ಬೇರೆ ಪದಗಳಿದ್ದುವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಫ್ರೆಂಚ್ ಪದಗಳು ನುಗ್ಗಿ ಆ ಭೇದ ಕ್ರಮೇಣ ಅಳಿಯಿತು. 'ಅಂಕಲ್' ಪದದ ಲ್ಯಾಟಿನ್ ಮೂಲಕ್ಕೆ ತಾಯಿಯ ಸೋದರನೆಂದೇ ಅರ್ಥ. 'ಆಂಟ್' ಪದದ ಮೂಲಕ್ಕೆ ತಂದೆಯ ಸೋದರಿಯೆಂದು. ಅಂದರೆ ಸೋದರಮಾವನೂ ಸೋದರತ್ತೆಯೂ ಬಂದು ಚಿಕ್ಕಪ್ಪ ಚಿಕ್ಕಮ್ಮಂದಿರ ಸ್ಥಾನಗಳನ್ನೂ ಆಕ್ರಮಿಸಿದರು! 'ಕಸಿನ್' ಕೂಡ ಮೂಲದಲ್ಲಿ ತಾಯಿಯ ಸೋದರಿಯ ಸಂತಾನವನ್ನು ಹೇಳುತ್ತಿದ್ದ ಪದ; ಅದರ ಗರ್ಭದಲ್ಲಿರುವುದು ಸಂಸ್ಕೃತದ 'ಸ್ವಸೃ' ಶಬ್ದದ ಒಡಹುಟ್ಟು.

ಎರಡು ಪದ್ಧತಿಗಳ ಅಂತರ ಒಂದು ಪ್ರಸಿದ್ಧ ವಿವಾಹದಿಂದ ಸ್ಪಷ್ಟವಾಗುತ್ತದೆ. 1947ರಲ್ಲಿ ವಿವಾಹವಾದ ಎಲಿಜಬೆತ್ ಹಾಗೂ ಫಿಲಿಪ್ ವಿಕ್ಟೋರಿಯಾ ರಾಣಿಯ ಕಡೆಯಿಂದ ಥರ್ಡ್ ಕಸಿನ್ನರು. ಡೆನ್ಮಾರ್ಕಿನ ಒಂಬತ್ತನೆಯ ಕ್ರಿಶ್ಚಿಯನ್ ದೊರೆಯ ಕಡೆಯಿಂದ 'ಸೆಕೆಂಡ್ ಕಸಿನ್ ವನ್ಸ್ ರಿಮೂವ್ಡ್'. ಆಂಗ್ಲ ಗಣನೆ ಅಲ್ಲಿಗೆ ಮುಗಿಯಿತು. ಡೆನ್ಮಾರ್ಕಿನ ಸಂಬಂಧವನ್ನು ಕನ್ನಡದ ವಾವೆಯಿಂದ ನೋಡಬಹುದು. ಕ್ರಿಶ್ಚಿಯನ್ನನ ಮಗಳು ಅಲೆಕ್ಸಾಂಡ್ರಾ. ಮಗ ಗ್ರೀಸ್ ದೇಶದ ಅರಸನಾದ ಜಾರ್ಜ್. ಆಕೆಯ ಮಗ ಇಂಗ್ಲೆಂಡಿನ ಐದನೆಯ ಜಾರ್ಜ್, ಈತನ ಮಗ ಆಂಡ್ರ್ಯೂ. ಅತ್ತೆಯ ಮಗ, ಮಾವನ ಮಗ ಆದುದರಿಂದ ಇವರಿಬ್ಬರೂ ಭಾವಮೈದುನರು. ಐದನೆಯ ಜಾರ್ಜನ ಮಗನಾದ ಆರನೆಯ ಜಾರ್ಜನಿಗೆ ಆಂಡ್ರ್ಯೂ ಮಾವ. ಮಾವನ ಮಗ ಫಿಲಿಪ್ ಮತ್ತೆ ಮೈದುನ. ತಂದೆಯ ಮೈದುನ ಮಗಳಾದ ಎಲಿಜಬೆತ್ತಳಿಗೆ ಸೋದರಮಾವನ ವರಸೆ! ವಿಕ್ಟೋರಿಯಾ ರಾಣಿಯ ಕಡೆಯಿಂದ ಎಣಿಸಿದರೆ ಫಿಲಿಪ್ ಸೋದರತ್ತೆಯ ಮಗನ ಸಾಲಿಗೆ ಸೇರುತ್ತಾನೆ. ಎರಡು ಕಡೆಯಿಂದಲೂ ಇದು ಹೆಣ್ಣು ಕೊಡಬಹುದಾದ ನಂಟೇ ಎಂದು ಹಳ್ಳಿಯ ಮುತ್ತಜ್ಜಿ ಕ್ಷಣದಲ್ಲಿ ಹೇಳಿಯಾಳು. ಎಷ್ಟು ದೂರದ ನಂಟೆಂದು ಕೇಳಿದರೆ ಮಾತ್ರ ಆಕೆಗೆ ಕನ್ನಡದಲ್ಲಿ ಒಂದೇ ಪದ ಸಿಗದು. ಮುತ್ತಜ್ಜನ ಕಡೆಯ ಅಣ್ಣನೂ ಅವನ ತಂದೆಯ ಕಡೆಯ ಅಣ್ಣನೂ ಆಕೆಗೆ 'ದೂರದ ಅಣ್ಣ'ನೇ.

ಈಚೆಗೆ ಮಕ್ಕಳ ಮಾತಿನಲ್ಲಿ ಕೇಳಿಬರುವ 'ಕಸಿನ್ ಬ್ರದರ್' ಇವೆರಡರಲ್ಲಿ ಯಾವುದೂ ಅಲ್ಲ. ಅದರಲ್ಲಿ ಆಂಗ್ಲರ ಎಣಿಕೆಯೂ ಇಲ್ಲ, ಕನ್ನಡದ ವಾವೆಯೂ ಇಲ್ಲ. ದೊಡ್ಡಪ್ಪನ ಮಗನಾದ ಅಣ್ಣನನ್ನೂ ಸೋದರಮಾವನ ಮಗನಾದ ಭಾವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಮೇಲೆ, ಯಾರು ಒಡಹುಟ್ಟಿದವರ ಸಮಾನ, ಯಾರು ನಂಟಸ್ತಿಕೆಗೆ ಸಲ್ಲುವವರು ಎಂಬುದನ್ನು ಮಗು ಯಾರಿಂದ ಕಲಿಯಬೇಕು?

ಅನುವಾದಕನಾದರೋ ಒಂದು ಪದಕ್ಕೆ ಒಂದು ಪದವನ್ನು ಹುಡುಕದೆ ಸಂಬಂಧದ ಸರಪಳಿಯನ್ನೇ ಬರೆಯುವುದು ಕ್ಷೇಮ. ಉಯಿಲು, ವಾಟಣಿಪತ್ರಗಳಲ್ಲಂತೂ ಇದು ಅನಿವಾರ್ಯ. ವೀರಶೈವ ಲಿಂಗಾಯತರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು, ರೂಢಿಯ ಸಮ್ಮತಿಯಿಲ್ಲದಿದ್ದರೆ ಕೂಡದ ವಿವಾಹಗಳನ್ನು ಹೇಳುವಾಗ ಹೀಗೆಯೇ ಮಾಡಿದೆ. ಅದರ ಆಂಗ್ಲ ಪಾಠದ ಆ ಭಾಗದಲ್ಲಿ 'ಕಸಿನ್' ಎಂಬ ಪದವಿಲ್ಲ. ಅಣ್ಣತಂಗಿಯರ ಮಕ್ಕಳು, ಇಬ್ಬರು ಸೋದರರ ಮಕ್ಕಳು, ಇಬ್ಬರು ಸೋದರಿಯರ ಮಕ್ಕಳು ಎಂದು ಬಿಡಿಸಿ ಬರೆದಿದೆ.