ಫೈಲು ಇದೆ, ಕನ್ನಡ ಎಲ್ಲಿ ಹೋಯಿತು?

"ಸಿಸ್ಟಂ ಫಾರ್ಮ್ಯಾಟ್ ಹೊಡಿಸಿ ಹೊಸ ಓಎಸ್ ಹಾಕಿಸ್ದೆ. ಫೈಲೆಲ್ಲಾ ಅದಾವೆ, ಒಂದಕ್ಷರಾನೂ ಓದಾಕೆ ಬರ್ತಿಲ್ಲ." ದಾವಣಗೆರೆಯ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಇಂಥ ದೂರು ಹೊಸದಲ್ಲ. ಬಾಡಿಗೆ ಕರಾರು, ಸಂಘದ ನಡಾವಳಿ, ಮಗಳ ಲಗ್ನಪತ್ರಿಕೆ ಎಲ್ಲವೂ ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಕಲಸುಮೇಲೋಗರವಾಗಿರುತ್ತವೆ. ಅದೇ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿ ಹರಿಹರದ ನೆಂಟರ ಮನೆಯ ಹಳೇ ಕಂಪ್ಯೂಟರಿಗೆ ಚುಚ್ಚಿದರೆ ಕನ್ನಡ ಸ್ವಚ್ಛವಾಗಿ ಮೂಡುತ್ತದೆ. ಅಂದಮೇಲೆ ಫೈಲು ಕೆಟ್ಟಿಲ್ಲ, ವೈರಸ್ಸೂ ಹೊಕ್ಕಿಲ್ಲ.

ವಿಂಡೋಸ್ 10 ಎಂಬ ಓಎಸ್‌ಗೆ (ಆಪರೇಟಿಂಗ್ ಸಿಸ್ಟಂ) ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ವಿಂಡೋಸ್ 11ಕ್ಕೆ ಹೋಗುವವರು ಹೆಚ್ಚಿದ್ದಾರೆ. ಅದಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಇರಬೇಕು. ಇಷ್ಟೆಲ್ಲ ಇದ್ದು ಓಎಸ್ ಕೂತರೂ ತಕರಾರು ಮುಗಿಯುವುದಿಲ್ಲ.

ಮೊದಲು ಕೈಕೊಡುವುದು ಪ್ರಿಂಟರ್. ಪ್ರಿಂಟರ್ ಮತ್ತು ಓಎಸ್ ನಡುವೆ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ದುಭಾಷಿಯಂತೆ ಕೆಲಸ ಮಾಡುತ್ತದೆ. ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ. ಹಳೆಯ 32 ಬಿಟ್ ತಂತ್ರಾಂಶಗಳಲ್ಲಿ ಹೆಚ್ಚಿನವನ್ನು ಅದು ಓಡಿಸುತ್ತದೆ, ಆದರೆ 32 ಬಿಟ್ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡ್ರೈವರ್ ಕೆಲಸ ಮಾಡುವುದು ಓಎಸ್‌ನ ಒಳಮನೆಯಲ್ಲೇ. ಹಾಗಾಗಿ ಹಳೇ ಲೆಕ್ಕದ ತಂತ್ರಾಂಶ ತೆರೆದುಕೊಂಡರೂ ಬಿಲ್ಲು ಪ್ರಿಂಟಾಗದೇ ಇರಬಹುದು. ತಯಾರಕರು 64 ಬಿಟ್ ಡ್ರೈವರ್ ಕೊಡದಿದ್ದರೆ ಗಟ್ಟಿಮುಟ್ಟಾದ ಪ್ರಿಂಟರೂ ಮೂಲೆ ಸೇರುತ್ತದೆ.

ಕನ್ನಡದ ತೊಂದರೆ ಇದಕ್ಕಿಂತ ಹಳೆಯದು. ಕಂಪ್ಯೂಟರ್ ಉಳಿಸಿಡುವುದು ಅಕ್ಷರದ ಚಿತ್ರವನ್ನಲ್ಲ, ಸಂಖ್ಯೆಯನ್ನು. ಆ ಸಂಖ್ಯೆಗೆ ಆಕಾರ ಕೊಡುವುದು ಫಾಂಟ್. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ 256 ಮನೆಗಳಲ್ಲೇ ಕನ್ನಡವನ್ನು ತುಂಡು ತುಂಡಾಗಿ ಕೂರಿಸಿದ್ದವು. 'ಕ' ಎಂದು ಟೈಪಿಸಿದರೆ ಫೈಲಿಗೆ ಹೋಗುವುದು 80 ಮತ್ತು 192 ಎಂಬ ಎರಡು ಸಂಖ್ಯೆ. 80 ಇಂಗ್ಲಿಷಿನ ದೊಡ್ಡ 'ಪಿ'ಯ ಮನೆ. ನುಡಿ ಅಲ್ಲಿ 'ಕ'ದ ಒಡಲನ್ನು ಇಟ್ಟಿದೆ. 192 ನೆತ್ತಿಯ ಮೇಲೆ ಓರೆಗೀಟು ಹೊತ್ತ 'ಎ'ಯ ಮನೆ, ಅಲ್ಲಿರುವುದು ತಲೆಕಟ್ಟು. ನುಡಿ ಫಾಂಟ್ ಇರುವವರೆಗೆ ಎರಡೂ ಸೇರಿ 'ಕ'. ಫಾರ್ಮ್ಯಾಟ್ ಮಾಡಿದಾಗ ಫಾಂಟ್ ಅಳಿಸಿಹೋದರೆ, ಹೊಸ ಓಎಸ್ ಆ ಸಂಖ್ಯೆಗಳ ಮೂಲ ಯಜಮಾನರನ್ನೇ ಕರೆದು ನಿಲ್ಲಿಸುತ್ತದೆ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಈ ಫಜೀತಿಯಿಲ್ಲ. ಅಲ್ಲಿ 'ಕ'ಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ. ಫಾಂಟ್ ಬದಲಾದರೆ ಅಕ್ಷರದ ಅಂದ ಬದಲಾದೀತು, ಅಕ್ಷರವೇ ಬದಲಾಗದು. 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೇ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂದಿತ್ತು. ಆದರೆ ಯೂನಿಕೋಡ್ ಕನ್ನಡ ಅರಿಯದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರನ್ನು ನೆಚ್ಚಿಕೊಂಡ ಡಿಟಿಪಿ ಅಂಗಡಿಗಳು ಹಳೆಯ ಫಾಂಟುಗಳನ್ನು ಬಿಡಲಿಲ್ಲ. ಅಲ್ಲಿ ಟೈಪ್ ಮಾಡಿಸಿದ ಫೈಲುಗಳೇ ಮನೆಮನೆಯ ಕಂಪ್ಯೂಟರಿನಲ್ಲಿ ಕೂತಿವೆ.

ರೋಗ ಪತ್ತೆ ಸುಲಭ. ವರ್ಡ್‌ನಲ್ಲಿ ಗೋಜಲಾದ ಸಾಲಿನ ಮೇಲೆ ಕ್ಲಿಕ್ಕಿಸಿ, ಮೇಲಿನ ಫಾಂಟ್ ಚೌಕ ನೋಡಿ. ಫಾಂಟ್ ಇಲ್ಲದಿದ್ದರೂ 'ನುಡಿ' ಎಂಬ ಹೆಸರು ಅಲ್ಲಿ ಉಳಿದಿರುತ್ತದೆ. ಆ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಇದು ತಾತ್ಕಾಲಿಕ ಪರಿಹಾರ. ಮುಂದಿನ ಫಾರ್ಮ್ಯಾಟಿಗೆ ಮತ್ತದೇ ಗೋಳು. ಶಾಶ್ವತ ದಾರಿ ಎಂದರೆ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸುವುದು. ಆಗ ಒಂದು ಎಚ್ಚರ ಬೇಕು: ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರು, ಇಮೇಲ್ ವಿಳಾಸಗಳನ್ನೂ ಪರಿವರ್ತಕ ನುಡಿಯೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡಬಹುದು. ಕರಾರುಪತ್ರದ ಹೆಸರುಗಳನ್ನೆಲ್ಲ ಸರಿನೋಡಿಕೊಳ್ಳುವವರೆಗೆ ಹಳೇ ಫೈಲನ್ನು ಅಳಿಸಬೇಡಿ.