ಟ್ರಿಪ್ ಆದದ್ದು ಒಂದು ಲೈನ್, ಮಲಗಿದ್ದು ಮೂರು ಗ್ರಿಡ್: ದೊಡ್ಡ ವ್ಯವಸ್ಥೆಯ ಮಾಡೆಲ್‌ನಲ್ಲಿ ಏನೆಲ್ಲ ಇರಬೇಕು?

ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ನೀವು ಎಲ್ಲೇ ಇದ್ದರೂ ನಿಮ್ಮಲ್ಲಿ ಹೆಚ್ಚಿನವರ ಕೆಲಸ ಒಂದೇ ಥರದ್ದು. ಹತ್ತಾರು ಸರ್ವಿಸ್‌ಗಳು ಸೇರಿ ಆಗಿರುವ ಒಂದು ದೊಡ್ಡ ವ್ಯವಸ್ಥೆ ಬೀಳದ ಹಾಗೆ ನೋಡಿಕೊಳ್ಳೋದು. ಇವತ್ತಿನ ವಿಷಯವೂ ಅದೇ. ಆದರೆ ಉದಾಹರಣೆ ಸಾಫ್ಟ್‌ವೇರಿನದ್ದಲ್ಲ, ಕರೆಂಟಿನದ್ದು. ಯಾಕೆ ಅಂದ್ರೆ, ಈ ತಲೆನೋವನ್ನು ವಿದ್ಯುತ್ ಗ್ರಿಡ್ ನಡೆಸುವವರು ನಮಗಿಂತ ಎಷ್ಟೋ ದಶಕ ಮೊದಲೇ ಅನುಭವಿಸಿದ್ದಾರೆ. ನಾವು ದಿನಾ ಬಳಸುವ ‘ಸರ್ಕ್ಯೂಟ್ ಬ್ರೇಕರ್’, ‘ಲೋಡ್ ಶೆಡ್ಡಿಂಗ್’ ಅನ್ನೋ ಪದಗಳೂ ಅವರ ಮನೆಯಿಂದಲೇ ಬಂದವು.

2012ರ ಆ ಎರಡು ದಿನ

2012ರ ಜುಲೈ 30, ಬೆಳಗಿನ ಜಾವ 2 ಗಂಟೆ 33 ನಿಮಿಷ. ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರ್‌ಗೆ ಹೋಗುವ 400 ಕೆವಿ ಲೈನ್ ಟ್ರಿಪ್ ಆಯ್ತು. ಅದರ ಹಿಂದೆಯೇ ಒಂದೊಂದಾಗಿ ಬೇರೆ ಲೈನ್‌ಗಳೂ ಹೋಗಿ, ದೆಹಲಿ, ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ ಎಲ್ಲ ಸೇರಿರುವ ಉತ್ತರ ಗ್ರಿಡ್ ಪೂರ್ತಿ ಕುಸಿಯಿತು. ಹಗಲೆಲ್ಲ ದುಡಿದು ಅದನ್ನು ಎಬ್ಬಿಸಿದರು. ಮರುದಿನ ಮಧ್ಯಾಹ್ನ 1 ಗಂಟೆಗೆ ಮತ್ತೆ ಅದೇ ಬೀನಾ–ಗ್ವಾಲಿಯರ್ ಲೈನ್. ಈ ಸಲ ಉತ್ತರ, ಪೂರ್ವ, ಈಶಾನ್ಯ, ಮೂರೂ ಗ್ರಿಡ್ ಮಲಗಿದವು. ಸುಮಾರು 48,000 ಮೆಗಾವ್ಯಾಟ್ ಲೋಡ್ ಹೋಯಿತು. 60 ಕೋಟಿಗೂ ಹೆಚ್ಚು ಜನ ವಾಸವಾಗಿರುವ ಪ್ರದೇಶ ಅದು. ರೈಲುಗಳು ನಡುದಾರಿಯಲ್ಲಿ ನಿಂತವು, ದೆಹಲಿ ಮೆಟ್ರೋ ನಿಂತಿತು, ಪೂರ್ವದ ಕಲ್ಲಿದ್ದಲು ಗಣಿಗಳಲ್ಲಿ ಲಿಫ್ಟ್ ಇಲ್ಲದೆ ಕಾರ್ಮಿಕರು ಕೆಳಗೇ ಉಳಿದರು.

ಆಮೇಲೆ ತನಿಖಾ ಸಮಿತಿ ಕೂತು ನೋಡಿದಾಗ ಗೊತ್ತಾದ ಸಂಗತಿಯೇ ಇವತ್ತಿನ ಮಾತಿಗೆ ಕಾರಣ. ಎರಡೂ ದಿನ ಆ ಲೈನ್‌ನಲ್ಲಿ ಯಾವ ದೋಷವೂ ಇರಲಿಲ್ಲ. ತಂತಿ ಹರಿದಿರಲಿಲ್ಲ, ಮರ ತಾಗಿರಲಿಲ್ಲ, ಶಾರ್ಟ್ ಆಗಿರಲಿಲ್ಲ. ಚೆನ್ನಾಗಿದ್ದ ಲೈನನ್ನು ಅದರ ರಕ್ಷಣೆಗೆ ಇಟ್ಟ ಸಾಧನವೇ ಕಡಿದುಹಾಕಿತ್ತು.

ಮೊದಲು ಒಂದು ಸಣ್ಣ ಲೆಕ್ಕ

ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕವನ್ನೇ ಇಲ್ಲಿ ಕೊಡ್ತೀನಿ. ಎರಡು ಊರುಗಳ ಮಧ್ಯೆ ಐದು ಲೈನ್ ಇವೆ ಅಂದುಕೊಳ್ಳಿ. ಒಂದೊಂದರ ಸಾಮರ್ಥ್ಯ 100. ಈಗ ಒಂದೊಂದರಲ್ಲೂ 70 ಹರೀತಿದೆ, ಒಟ್ಟು 350. ಒಂದು ಲೈನ್ ಹೋದರೆ ಉಳಿದ ನಾಲ್ಕು ಸಮವಾಗಿ ಹಂಚಿಕೊಳ್ಳುತ್ತವೆ. ತಲೆಗೆ 87.5. ಪರವಾಗಿಲ್ಲ.

ಅದೇ ಐದು ಲೈನ್‌ಗಳಲ್ಲಿ ತಲಾ 85 ಹರೀತಿದೆ ಅನ್ನಿ. ಒಟ್ಟು 425. ಒಂದು ಹೋದರೆ ಉಳಿದ ನಾಲ್ಕಕ್ಕೆ ತಲಾ 106. ಮಿತಿ ದಾಟಿತು, ಇನ್ನೊಂದು ಹೋಗುತ್ತೆ. ಈಗ ಮೂರಕ್ಕೆ ತಲಾ 142. ಮುಂದಿನದ್ದು ಹೇಳಬೇಕಿಲ್ಲ.

70 ಇದ್ದಾಗಲೂ 85 ಇದ್ದಾಗಲೂ ಡ್ಯಾಶ್‌ಬೋರ್ಡ್ ಹಸಿರೇ. ಎರಡೂ 100ರ ಒಳಗೇ ಇದೆ. ಆದರೆ ನಡುವೆ 80 ಅನ್ನೋ ಗೆರೆ ಇದೆ. ಅದರ ಕೆಳಗಿದ್ದರೆ ಒಂದು ಲೈನ್ ಹೋದರೂ ಬದುಕು, ಮೇಲಿದ್ದರೆ ಎಲ್ಲವೂ ಹೋಗುತ್ತೆ. ಬರೀ ಇವತ್ತಿನ ಸ್ಥಿತಿ ತೋರಿಸುವ ಮಾಡೆಲ್‌ನಲ್ಲಿ ಈ ಗೆರೆ ಕಾಣಿಸೋದೇ ಇಲ್ಲ. ‘ಒಂದು ಹೋದರೆ ಏನಾಗುತ್ತೆ’ ಅಂತ ಕೇಳಿದಾಗ ಮಾತ್ರ ಕಾಣುತ್ತೆ. ಗ್ರಿಡ್ ಎಂಜಿನಿಯರ್‌ಗಳು ಇದನ್ನು ಎನ್ ಮೈನಸ್ ಒನ್ ನಿಯಮ ಅಂತಾರೆ. ಯಾವುದೇ ಒಂದು ಭಾಗವನ್ನು ತೆಗೆದರೂ ಉಳಿದದ್ದು ಮಿತಿಯೊಳಗೆ ನಿಲ್ಲಬೇಕು.

ನಿಜವಾದ ಗ್ರಿಡ್ ಇದಕ್ಕಿಂತ ಕಠಿಣ. ನಮ್ಮ ಲೋಡ್ ಬ್ಯಾಲೆನ್ಸರ್ ಹೇಳಿದ ಕಡೆ ರಿಕ್ವೆಸ್ಟ್ ಹೋಗುತ್ತೆ, ಆದರೆ ಎಸಿ ಜಾಲದಲ್ಲಿ ಕರೆಂಟ್ ಯಾರ ಮಾತೂ ಕೇಳಲ್ಲ. ಇಂಪೀಡೆನ್ಸ್ ಎಲ್ಲಿ ಕಡಿಮೆಯೋ ಅಲ್ಲಿ ಹೆಚ್ಚು ಹರಿಯುತ್ತೆ. ಸಮಪಾಲು ಅನ್ನೋದು ಬೋರ್ಡ್ ಮೇಲೆ ಮಾತ್ರ.

ಕಾವಲುಗಾರನೂ ಮಾಡೆಲ್‌ನ ಒಳಗಿರಬೇಕು

ಈಗ ಆ ರಕ್ಷಣಾ ಸಾಧನಕ್ಕೆ ಬರೋಣ. ಅದರ ಹೆಸರು ಡಿಸ್ಟೆನ್ಸ್ ರಿಲೇ. ಅದು ಮಾಡೋದು ಒಂದೇ ಭಾಗಾಕಾರ: ವೋಲ್ಟೇಜ್ ಭಾಗಿಸು ಕರೆಂಟ್. ಲೈನ್ ಎಲ್ಲೋ ಶಾರ್ಟ್ ಆದರೆ ವೋಲ್ಟೇಜ್ ಇಳಿಯುತ್ತೆ, ಕರೆಂಟ್ ಏರುತ್ತೆ, ಉತ್ತರ ಸಣ್ಣದಾಗುತ್ತೆ. ಎಷ್ಟು ಸಣ್ಣದು ಅನ್ನೋದರ ಮೇಲೆ ದೋಷ ಎಷ್ಟು ದೂರದಲ್ಲಿದೆ ಅಂತ ಅಂದಾಜು. ಹತ್ತಿರದ್ದಾದರೆ ಝೋನ್ 1, ತಕ್ಷಣ ಕಡಿ. ಝೋನ್ 3 ಅಂದ್ರೆ ಪಕ್ಕದ ಲೈನ್‌ನ ಆಚೆಯವರೆಗೂ ನೋಡುವ ಬ್ಯಾಕಪ್: ಅಲ್ಲಿಯ ರಿಲೇ ಕೆಲಸ ಮಾಡದಿದ್ದರೆ ಸ್ವಲ್ಪ ಕಾದು ನಾನೇ ಕಡಿತೀನಿ ಅನ್ನೋದು.

ತೊಂದರೆ ಏನಂದ್ರೆ, ಲೈನ್ ಮೇಲೆ ಲೋಡ್ ವಿಪರೀತ ಆದಾಗಲೂ ಕರೆಂಟ್ ಏರುತ್ತೆ, ವೋಲ್ಟೇಜ್ ಕುಗ್ಗುತ್ತೆ. ಭಾಗಾಕಾರದ ಉತ್ತರ ಇಳಿದು ಇಳಿದು ಝೋನ್ 3ರ ಒಳಗೆ ಬಂದುಬಿಡುತ್ತೆ. ರಿಲೇಗೆ ಅದು ದೂರದ ದೋಷದ ಹಾಗೇ ಕಾಣುತ್ತೆ. ಬೀನಾ–ಗ್ವಾಲಿಯರ್‌ನಲ್ಲಿ ಆದದ್ದು ಇದೇ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರನ್ನು ಕತ್ತಲೆಗೆ ತಳ್ಳಿದ ಕುಸಿತದಲ್ಲೂ, ಒಹಾಯೋದ ಸ್ಯಾಮಿಸ್–ಸ್ಟಾರ್ ಲೈನನ್ನು ಇಂಥದ್ದೇ ಝೋನ್ 3 ರಿಲೇ ಕಡಿದಿತ್ತು.

ನಮಗೆ ಇದು ಹೊಸದೇನಲ್ಲ. ಕುಬರ್ನೆಟೀಸ್‌ನ ಲೈವ್‌ನೆಸ್ ಪ್ರೋಬ್ ನೆನಪು ಮಾಡಿಕೊಳ್ಳಿ. ಪಾಡ್ ಸತ್ತಿಲ್ಲ, ಲೋಡ್ ಜಾಸ್ತಿಯಾಗಿ ಉತ್ತರ ಕೊಡೋದು ತಡವಾಗ್ತಿದೆ ಅಷ್ಟೆ. ಪ್ರೋಬ್ ಟೈಮ್‌ಔಟ್ ಆಗುತ್ತೆ, ಪಾಡನ್ನು ಕೊಂದು ರೀಸ್ಟಾರ್ಟ್ ಮಾಡುತ್ತೆ. ಅದರ ಹೊರೆ ಪಕ್ಕದ ಪಾಡ್‌ಗಳ ಮೇಲೆ ಬೀಳುತ್ತೆ, ಅವೂ ನಿಧಾನ ಆಗ್ತವೆ, ಅವಕ್ಕೂ ಅದೇ ಗತಿ. ‘ಬಳಲಿದ್ದಾನೆ’ ಮತ್ತು ‘ಸತ್ತಿದ್ದಾನೆ’ ಇವೆರಡರ ವ್ಯತ್ಯಾಸ ಗೊತ್ತಾಗದ ಕಾವಲುಗಾರ ಇದ್ದರೆ, ಯಾರ ಸಹಾಯ ಹೆಚ್ಚು ಬೇಕೋ ಅವನನ್ನೇ ಆ ಹೊತ್ತಿನಲ್ಲಿ ತೆಗೆದುಹಾಕ್ತಾನೆ.

ಹಾಗಾಗಿ ಲೈನ್ ಮತ್ತು ಲೋಡ್ ಮಾತ್ರ ಇರುವ ಮಾಡೆಲ್‌ನಲ್ಲಿ ಆ ಲೈನ್ ಬದುಕುತ್ತಿತ್ತು. ರಿಲೇಯನ್ನೂ ಸೇರಿಸಿದರೆ ಸಾಯುತ್ತೆ. ಟೈಮ್‌ಔಟ್, ರಿಟ್ರೈ, ಆಟೋ ಸ್ಕೇಲರ್, ಹೆಲ್ತ್ ಚೆಕ್, ಇವೆಲ್ಲ ವ್ಯವಸ್ಥೆಯ ಹೊರಗೆ ನಿಂತು ನೋಡುವವರಲ್ಲ, ಅವೂ ವ್ಯವಸ್ಥೆಯೇ.

ಬಳಸುವವರೂ ಒಳಗೇ

ಆ ದಿನಗಳಲ್ಲಿ ಉತ್ತರದ ಕೆಲವು ರಾಜ್ಯಗಳು ತಮಗೆ ನಿಗದಿಯಾದ್ದಕ್ಕಿಂತ ಹೆಚ್ಚು ವಿದ್ಯುತ್ ಎಳೀತಿದ್ದವು. ಪಶ್ಚಿಮದಲ್ಲಿ ಬೇಡಿಕೆ ಕಡಿಮೆ, ಉತ್ಪಾದನೆ ಹೆಚ್ಚು. ಹಾಗಾಗಿ ಹರಿವೆಲ್ಲ ಪಶ್ಚಿಮದಿಂದ ಉತ್ತರಕ್ಕೆ. ಆ ದಾರಿಯಲ್ಲಿ ಬೇರೆ ಕೆಲವು ಲೈನ್‌ಗಳು ಕೆಲಸಕ್ಕಾಗಿ ಬಂದ್ ಆಗಿದ್ದವು. ಒಂದೊಂದು ರಾಜ್ಯದ ಕಡೆಯಿಂದ ನೋಡಿದರೆ ತಪ್ಪು ಅನ್ನಿಸಲ್ಲ: ಮಳೆ ಸರಿಯಾಗಿ ಬಂದಿಲ್ಲ, ಸೆಕೆ ಇದೆ, ಪಂಪ್‌ಸೆಟ್ ಓಡಬೇಕು. ಎಲ್ಲರೂ ಹೀಗೇ ಯೋಚಿಸಿದಾಗ ಹೊರೆ ಬಿದ್ದದ್ದು ಒಂದೇ ಲೈನ್ ಮೇಲೆ.

ನಮ್ಮಲ್ಲಿ ರಿಟ್ರೈ ಹಾಗೇ. ಒಂದರ ಕೆಳಗೊಂದು ಮೂರು ಪದರ, ಪ್ರತಿ ಪದರವೂ ತಲಾ ಮೂರು ಸಲ ಪ್ರಯತ್ನ. ಪ್ರತಿಯೊಂದು ಟೀಮಿಗೂ ಮೂರು ಅನ್ನೋದು ಸಣ್ಣ ಸಂಖ್ಯೆಯೇ. ಆದರೆ ಕೆಳಗಿನ ಡೇಟಾಬೇಸ್‌ಗೆ ಒಂದು ಕ್ಲಿಕ್‌ಗೆ 27 ಕರೆ ಬೀಳುತ್ತೆ, ಅದೂ ಅದು ಈಗಾಗಲೇ ಏದುಸಿರು ಬಿಡ್ತಿರುವಾಗ.

ದಕ್ಷಿಣ ಯಾಕೆ ಉಳೀತು?

ಆ ಎರಡು ದಿನವೂ ಬೆಂಗಳೂರು, ಚೆನ್ನೈ, ಹೈದರಾಬಾದ್ ಇರುವ ದಕ್ಷಿಣ ಗ್ರಿಡ್ ನಿಂತೇ ಇತ್ತು. ಕಾರಣ: ಆಗ ದಕ್ಷಿಣ ಗ್ರಿಡ್ ಉಳಿದ ಭಾರತದ ಜೊತೆ ಸಿಂಕ್ರೋನಸ್ ಆಗಿ ಸೇರಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಎಚ್‌ವಿಡಿಸಿ ಲೈನ್, ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿಯ ಎಚ್‌ವಿಡಿಸಿ ಕೇಂದ್ರ (ನಮ್ಮ ಉಕ್ಕಿನ ಭದ್ರಾವತಿ ಅಲ್ಲ), ಇಂಥ ಡಿಸಿ ಕೊಂಡಿಗಳ ಮೂಲಕ ಮಾತ್ರ ಸಂಬಂಧ ಇತ್ತು. ಎಸಿಯನ್ನು ಡಿಸಿ ಮಾಡಿ, ಆಚೆ ಕಡೆ ಮತ್ತೆ ಎಸಿ ಮಾಡ್ತಾರೆ. ಎರಡೂ ಕಡೆಯ ಫ್ರೀಕ್ವೆನ್ಸಿ ಒಂದೇ ಇರಬೇಕಿಲ್ಲ. ಎಷ್ಟು ಕಳಿಸಬೇಕು ಅಂತ ಕಂಟ್ರೋಲರ್ ನಿರ್ಧರಿಸುತ್ತೆ, ಹೊರೆ ತಾನಾಗಿ ನುಗ್ಗಲ್ಲ. ಎರಡು ಸರ್ವಿಸ್‌ಗಳ ನಡುವೆ ನೇರ ಕರೆಯ ಬದಲು ಮೆಸೇಜ್ ಕ್ಯೂ ಇಟ್ಟ ಹಾಗೆ. ಅವರೂ ಇದಕ್ಕೆ ಅಸಿಂಕ್ರೋನಸ್ ಅಂತಲೇ ಕರೀತಾರೆ.

ಹಾಗಾದ್ರೆ ಬೇರೆ ಬೇರೆ ಇರೋದೇ ಒಳ್ಳೇದಾ? ಇಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣವೂ ದೇಶದ ಗ್ರಿಡ್‌ಗೆ ಸೇರಿತು, ದೊಡ್ಡ ಕುಸಿತ ಆಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ದಕ್ಷಿಣದಲ್ಲಿ ಕೊರತೆ ಇದ್ದಾಗ ಬೇರೆ ಕಡೆಯ ಅಗ್ಗದ ವಿದ್ಯುತ್ ತರಲು ದಾರಿ ಸಾಲುತ್ತಿರಲಿಲ್ಲ. ಇನ್ನೊಂದು ಲಾಭವೂ ಇದೆ: ಗ್ರಿಡ್ ದೊಡ್ಡದಾದಷ್ಟೂ ಒಂದು ಜನರೇಟರ್ ನಿಂತಾಗ ಆಗುವ ಕುಲುಕಾಟ ಕಡಿಮೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಂಥವು ಇರುವ ಇವತ್ತಿನ ಕಾಲದಲ್ಲಿ, ಹೆಚ್ಚಾದದ್ದನ್ನು ಹೊರಗೆ ಕಳಿಸಲೂ ಕೊಂಡಿ ಬೇಕು. ಬಲ ಹಂಚುವ ಕೊಂಡಿಯೇ ಕಷ್ಟವನ್ನೂ ಹಂಚುತ್ತೆ. ಅದಕ್ಕೆ ಸೇರಿಸುವಾಗಲೇ ಎಲ್ಲಿ ಬಿಡಿಸಬೇಕು ಅನ್ನೋದನ್ನೂ ಬರೆದಿಡಬೇಕು.

ಜುಲೈ 31ರಂದು ಸುತ್ತಲಿನ ಪೂರ್ವ ಗ್ರಿಡ್ ಕುಸಿದರೂ, ಕೋಲ್ಕತ್ತಾಕ್ಕೆ ವಿದ್ಯುತ್ ಕೊಡುವ ಸಿಇಎಸ್‌ಸಿ ಜಾಲ ಕೊಂಡಿ ಬಿಡಿಸಿಕೊಂಡು, ತನ್ನದೇ ಉತ್ಪಾದನೆಯಲ್ಲಿ ದ್ವೀಪದ ಹಾಗೆ ನಿಂತಿತು. ಬಿಡಿಸೋ ಜಾಗ ಮೊದಲೇ ಗೊತ್ತಿತ್ತು. ಅದೇ ಉತ್ತರ ಗ್ರಿಡ್‌ನಲ್ಲಿ, ಫ್ರೀಕ್ವೆನ್ಸಿ ಇಳಿದಾಗ ಸ್ವಲ್ಪ ಲೋಡ್ ತಾನಾಗಿ ಕಡಿದು ಉಳಿದದ್ದನ್ನು ಕಾಪಾಡಬೇಕಿದ್ದ ರಿಲೇಗಳಿಂದ ಸಾಕಷ್ಟು ಪರಿಹಾರ ಸಿಗಲಿಲ್ಲ ಅಂತ ಸಮಿತಿ ಹೇಳಿತು. ಕಾಗದದ ಮೇಲೆ ಇದ್ದ ರಕ್ಷಣೆ ಬೇಕಾದ ಹೊತ್ತಿಗೆ ಒದಗಲಿಲ್ಲ.

ಮುಂದಿನ ಡಿಸೈನ್ ರಿವ್ಯೂಗೆ ನಾಲ್ಕು ಪ್ರಶ್ನೆ

ಒಂದು, ಯಾವುದೇ ಒಂದು ಭಾಗ ಈಗಲೇ ಹೋದರೆ ಅದರ ಹೊರೆ ಯಾರ ಮೇಲೆ ಬೀಳುತ್ತೆ? ಸರಾಸರಿ ಬೇಡ, ಅತಿ ಹೆಚ್ಚು ಹೊರೆ ಹೊರುವವನ ಸಂಖ್ಯೆ ಹೇಳಿ.

ಎರಡು, ನಮ್ಮ ಹೆಲ್ತ್ ಚೆಕ್‌ಗೆ ನಿಧಾನ ಮತ್ತು ಸಾವು ಎರಡರ ವ್ಯತ್ಯಾಸ ಗೊತ್ತಾ? ಎಲ್ಲ ಪಾಡ್‌ಗಳೂ ಒಟ್ಟಿಗೇ ನಿಧಾನ ಆದರೆ ಅದು ಏನು ಮಾಡುತ್ತೆ?

ಮೂರು, ಕಷ್ಟದ ಹೊತ್ತಲ್ಲಿ ಬಳಸುವವರು ಕಡಿಮೆ ಕೇಳ್ತಾರಾ, ಹೆಚ್ಚು ಕೇಳ್ತಾರಾ? ಹೆಚ್ಚು ಅಂತಾದರೆ ಅದನ್ನು ತಡೆಯೋರು ಯಾರು?

ನಾಲ್ಕು, ಎಲ್ಲವನ್ನೂ ಉಳಿಸೋಕೆ ಆಗದಿದ್ದರೆ ಮೊದಲು ಯಾವುದನ್ನು ಬಿಡ್ತೀವಿ? ಅದನ್ನು ಕೊನೆಯ ಸಲ ನಿಜವಾಗಿ ಪರೀಕ್ಷೆ ಮಾಡಿದ್ದು ಯಾವಾಗ?

ಕೊನೆಯ ಪ್ರಶ್ನೆಗೆ ಮೀಟಿಂಗ್ ರೂಮಿನಲ್ಲಿ ಎಲ್ಲರೂ ಸುಮ್ಮನಾದರೆ, ಬೇರೆ ಕೆಲಸ ಪಕ್ಕಕ್ಕಿಟ್ಟು ಅಲ್ಲಿಂದಲೇ ಶುರು ಮಾಡಿ. ಮುಂದಿನ ವಿಡಿಯೋದಲ್ಲಿ ಫ್ರೀಕ್ವೆನ್ಸಿ ಅನ್ನೋ ಒಂದೇ ಸಂಖ್ಯೆ ನೋಡಿ ಇಡೀ ಗ್ರಿಡ್‌ನ ಆರೋಗ್ಯ ಹೇಗೆ ಹೇಳ್ತಾರೆ ಅಂತ ನೋಡೋಣ.