ಯಾರ್ಲ್ ಎಂದರೆ ಯಾರು? ರಾಜನ ಬಲಗೈಯಾಗಿದ್ದ ಪದವಿಯನ್ನು ನಾರ್ವೆ ಕೈಬಿಟ್ಟದ್ದೇಕೆ?

'ವೈಕಿಂಗ್ಸ್' ಸರಣಿ ನೋಡಿದವರಿಗೆ 'ಅರ್ಲ್' ಎಂಬ ಪದ ಪರಿಚಿತ. ರೈತ ರಗ್ನಾರ್ ತನ್ನೂರಿನ ಅರ್ಲ್‌ನನ್ನು ಕಾಳಗದಲ್ಲಿ ಕೊಂದು ತಾನೇ ಆ ಪಟ್ಟಕ್ಕೇರುವ ದೃಶ್ಯ ಅದರಲ್ಲಿದೆ. ಇತಿಹಾಸದಲ್ಲಿ ಈ ಪದವಿಯ ತೂಕ ಅದಕ್ಕಿಂತ ದೊಡ್ಡದು. ಹಳೆಯ ನಾರ್ಸ್ ಭಾಷೆಯಲ್ಲಿ ಇದರ ಹೆಸರು 'ಯಾರ್ಲ್'. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ರಾಜನ ನಂತರದ ಸ್ಥಾನ ಯಾರ್ಲ್‌ನದ್ದು. ರಾಜನ ಪರವಾಗಿ ಪ್ರಾಂತ್ಯ ಆಳುವುದು, ಕಂದಾಯ ವಸೂಲಿ ಮಾಡುವುದು, ಯುದ್ಧ ಬಂದರೆ ಸೈನ್ಯ ಕೂಡಿಸುವುದು ಅವನ ಹೊಣೆ.

ಹೆಸರಿಗೆ ಇದು ರಾಜ ಕೊಡುವ ಪದವಿ. ಆದರೆ ಕೆಲವು ಮನೆತನಗಳು ಅದನ್ನು ತಲೆಮಾರುಗಳ ಕಾಲ ಬಿಟ್ಟುಕೊಡಲೇ ಇಲ್ಲ. ಇಂದಿನ ಟ್ರಾಂಡ್‌ಹೈಮ್ ಬಳಿಯ ಲಾಡೆ ಮನೆತನದ ಹಾಕೊನ್ ಸಿಗುರ್ಡ್‌ಸನ್ 10ನೇ ಶತಮಾನದ ಕೊನೆಯಲ್ಲಿ ರಾಜನೆಂದು ಕರೆದುಕೊಳ್ಳದೆಯೇ ನಾರ್ವೆಯ ಬಹುಭಾಗ ಆಳಿದ. ಆರಂಭದಲ್ಲಿ ಅವನು ಡೆನ್ಮಾರ್ಕ್‌ನ ರಾಜ ಹರಾಲ್ಡ್ ಬ್ಲೂಟೂತ್‌ಗೆ ಅಧೀನನಾಗಿದ್ದ (ಮೊಬೈಲ್‌ನ ಬ್ಲೂಟೂತ್‌ಗೆ ಹೆಸರು ಬಂದದ್ದು ಇದೇ ರಾಜನಿಂದ). ಮುಂದೆ ಆ ಅಧೀನತೆಯನ್ನೂ ಕಳಚಿಕೊಂಡ.

ಸ್ವೀಡನ್‌ನಲ್ಲಿ ಯಾರ್ಲ್ ಹೆಚ್ಚುಕಡಿಮೆ ಪ್ರಧಾನಮಂತ್ರಿಯಂತೆ. 1248ರಲ್ಲಿ ಈ ಸ್ಥಾನಕ್ಕೆ ಬಂದ ಬಿರ್ಗರ್, ರಾಜನ ಸಹೋದರಿಯ ಗಂಡ. 1250ರಲ್ಲಿ ರಾಜ ಮಕ್ಕಳಿಲ್ಲದೆ ತೀರಿಕೊಂಡಾಗ ಪಟ್ಟ ಸಿಕ್ಕಿದ್ದು ಬಿರ್ಗರ್‌ನ ಪುಟ್ಟ ಮಗ ವಾಲ್ಡೆಮಾರ್‌ಗೆ. ಆದರೆ 1266ರಲ್ಲಿ ಸಾಯುವವರೆಗೂ ನಿಜಕ್ಕೂ ಆಳಿದ್ದು ಅಪ್ಪನೇ. ಸ್ಟಾಕ್‌ಹೋಮ್ ನಗರದ ಸ್ಥಾಪಕನೆಂಬ ಖ್ಯಾತಿಯೂ ಅವನಿಗಿದೆ.

ರಾಜನ ಪಕ್ಕದಲ್ಲೇ ಇಷ್ಟು ಬಲಶಾಲಿ ಇನ್ನೊಬ್ಬ ಕುಳಿತರೆ ಏನಾಗಬಹುದು ಎಂಬುದನ್ನು ತೋರಿಸಿದ್ದು ನಾರ್ವೆಯ ಸ್ಕೂಲೆ ಬೋರ್ಡ್‌ಸನ್. 1217ರಲ್ಲಿ ಅವನ ಮಲಸಹೋದರನಾಗಿದ್ದ ರಾಜ ಇಂಗೆ ತೀರಿಕೊಂಡ. ಸಿಂಹಾಸನ ತನಗೇ ಎಂದುಕೊಂಡಿದ್ದ ಸ್ಕೂಲೆಯನ್ನು ಬಿಟ್ಟು 13 ವರ್ಷದ ಹಾಕೊನ್ ಹಾಕೊನ್‌ಸನ್‌ನನ್ನು ಆರಿಸಲಾಯಿತು. ಸಮಾಧಾನಕ್ಕೆಂದು ಸ್ಕೂಲೆಗೆ ಯಾರ್ಲ್ ಪದವಿ, ಜೊತೆಗೆ ರಾಜ್ಯದ ಮೂರನೇ ಒಂದು ಪಾಲು. 1225ರಲ್ಲಿ ಅವನ ಮಗಳು ಮಾರ್ಗರೆಟೆಯನ್ನೇ ರಾಜ ಮದುವೆಯಾದ. 1237ರಲ್ಲಿ ನಾರ್ವೆಯ ಮೊದಲ ಡ್ಯೂಕ್ ಎಂಬ ಗೌರವವೂ ಬಂತು. ಯಾವುದೂ ಸಾಲಲಿಲ್ಲ. 1239ರಲ್ಲಿ ಸ್ಕೂಲೆ ತಾನೇ ರಾಜನೆಂದು ಘೋಷಿಸಿಕೊಂಡ. ಮರುವರ್ಷ ಓಸ್ಲೋದಲ್ಲಿ ಅಳಿಯನ ಸೇನೆಗೆ ಸೋತು, ಆಶ್ರಯ ಪಡೆದಿದ್ದ ಕ್ರೈಸ್ತ ಮಠದ ಬಳಿ ಹತನಾದ.

ನಂತರದ ರಾಜರು ಹುಷಾರಾದರು. ಅದೇ ಹಾಕೊನ್‌ನ ಮೊಮ್ಮಗ 5ನೇ ಹಾಕೊನ್ 1308ರಲ್ಲಿ ಯಾರ್ಲ್ ಪದವಿಯನ್ನೇ ರದ್ದುಪಡಿಸಿದ. ವಿನಾಯಿತಿ ಇದ್ದದ್ದು ರಾಜಕುಮಾರರಿಗೆ ಮತ್ತು ಓರ್ಕ್ನಿ ದ್ವೀಪಗಳ ಯಾರ್ಲ್‌ಗಳಿಗೆ ಮಾತ್ರ. ಸ್ವೀಡನ್‌ನಲ್ಲಂತೂ ಬಿರ್ಗರ್ ನಂತರ ಡ್ಯೂಕ್ ಪದವಿ ಆ ಜಾಗಕ್ಕೆ ಬಂದಿತ್ತು.

ಹುಟ್ಟಿದ ನೆಲದಲ್ಲಿ ಮರೆಯಾದ ಪದವಿ ಇಂಗ್ಲೆಂಡ್‌ನಲ್ಲಿ ಉಳಿದುಕೊಂಡಿತು. 1016ರಲ್ಲಿ ಇಂಗ್ಲೆಂಡ್ ಗೆದ್ದ ಡೆನ್ಮಾರ್ಕ್‌ನ ಕ್ನೂಟ್ ಅಲ್ಲಿ ಪ್ರಾಂತ್ಯಾಧಿಪತಿಗಳನ್ನು ನೇಮಿಸಿದಾಗ, ಅವರಿಗಿದ್ದ ಹಳೆಯ ಇಂಗ್ಲಿಷ್ ಹೆಸರು ಹಿಂದೆ ಸರಿದು 'ಅರ್ಲ್' ಬಳಕೆಗೆ ಬಂತು. ನಾರ್ಥಂಬ್ರಿಯಾ ಪ್ರಾಂತ್ಯ ಸಿಕ್ಕಿದ್ದು ಲಾಡೆಯ ಹಾಕೊನ್‌ನ ಮಗ ಎರಿಕ್‌ಗೆ. ಆದರೆ ಅರ್ಲ್‌ಗೆ ಇಂಗ್ಲಿಷ್‌ನಲ್ಲಿ ಸ್ತ್ರೀಲಿಂಗ ರೂಪವೇ ಇಲ್ಲ. ಅರ್ಲ್‌ನ ಹೆಂಡತಿಯನ್ನು ಇಂದಿಗೂ ಫ್ರೆಂಚ್‌ನಿಂದ ಎರವಲು ತಂದ 'ಕೌಂಟೆಸ್' ಎಂದೇ ಕರೆಯುತ್ತಾರೆ. ಅಂದ ಹಾಗೆ, 1792ರ ಆರಂಭದಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಕೂಡ ಆಗ ಒಬ್ಬ ಅರ್ಲ್.